ರಾಜಾ ದೀನದಯಾಳ್ ಮತ್ತು ಗಾಜಿನ ನೆಗೆಟಿವ್

ಭಾರತೀಯ ಛಾಯಾಗ್ರಹಣದ ಚರಿತ್ರೆಯಲ್ಲಿ ರಾಜಾ ಲಾಲಾ ದೀನದಯಾಳರಿಗೆ (1844–1905) ಮೊದಲ ಸಾಲಿನ ಸ್ಥಾನವಿದೆ. ಆದರೆ ಈ ಮನ್ನಣೆ ಬಹುಮಟ್ಟಿಗೆ ಆಲ್ಬಂಗಳಲ್ಲಿ ಉಳಿದುಬಂದ ಮುದ್ರಿತ ಚಿತ್ರಗಳನ್ನು ಆಧರಿಸಿದ್ದು. ಆ ಚಿತ್ರಗಳಿಗೆ ಮೂಲವಾದ ಗಾಜಿನ ಫಲಕಗಳು, ಎಂದರೆ ನೆಗೆಟಿವ್‌ಗಳು, ಚರ್ಚೆಯ ಕೇಂದ್ರಕ್ಕೆ ಬಂದದ್ದು ಕಡಿಮೆ. ದೀನದಯಾಳರ ಬದುಕನ್ನು ಫಲಕಗಳ ಕಡೆಯಿಂದ ನೋಡಿದಾಗ ಆಸ್ಥಾನದ ವೈಭವದ ಕಥನಕ್ಕಿಂತ ಭಿನ್ನವಾದ ಕೆಲವು ಸಂಗತಿಗಳು ಮುನ್ನೆಲೆಗೆ ಬರುತ್ತವೆ. ಬೀದರ, ಕಲಬುರಗಿ, ರಾಯಚೂರು ಪ್ರದೇಶದವರಿಗೆ ಈ ನೋಟ ಪರಕೀಯವಾದುದೇನಲ್ಲ. ದೀನದಯಾಳರು ಆಸ್ಥಾನ ಛಾಯಾಗ್ರಾಹಕರಾಗಿದ್ದ ನಿಜಾಮ ರಾಜ್ಯದಲ್ಲೇ ಈ ಮೂರೂ ಜಿಲ್ಲೆಗಳಿದ್ದವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಆ ರಾಜ್ಯ ಭಾರತದ ಒಕ್ಕೂಟದಲ್ಲಿ ಸೇರಿತು. 1956ರ ನವೆಂಬರ್ 1ರಂದು ಅದರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು.

ದೀನದಯಾಳರು ಹುಟ್ಟಿದ್ದು ಮೀರತ್ ಬಳಿಯ ಸರ್ಧಾನಾದಲ್ಲಿ, ಆಭರಣ ವ್ಯಾಪಾರದ ಹಿನ್ನೆಲೆಯ ಜೈನ ಕುಟುಂಬದಲ್ಲಿ. ಅವರು ಕಸುಬನ್ನು ಮುಂದುವರಿಸದೆ ರೂರ್ಕಿಯ ಥಾಮ್ಸನ್ ಸಿವಿಲ್ ಎಂಜಿನಿಯರಿಂಗ್ ಕಾಲೇಜನ್ನು ಸೇರಿ, 1866ರಲ್ಲಿ ಶಿಕ್ಷಣ ಮುಗಿಸಿ, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ಅಂದಾಜು ತಯಾರಿಸುವ ಹಾಗೂ ನಕ್ಷೆ ಬರೆಯುವ ಹುದ್ದೆಗೆ ನೇಮಕಗೊಂಡರು. ಈ ನಕ್ಷೆಗಾರನ ತರಬೇತಿಯನ್ನು ಜೀವನಚರಿತ್ರೆಯ ಒಂದು ವಿವರವೆಂದು ದಾಟಿಹೋಗುವುದು ಸರಿಯಲ್ಲ. ಕಟ್ಟಡದ ಮುಂಬದಿಯ ನಕ್ಷೆಯನ್ನು ಬರೆಯುವವನಿಗೆ ಗೆರೆಯಷ್ಟೇ ಗೆರೆಯಿಲ್ಲದ ಕಾಗದವೂ ಮುಖ್ಯ. ಗೋಡೆ ಎಲ್ಲಿ ಮುಗಿಯಿತು, ಬಾಗಿಲು ಎಷ್ಟಗಲ ತೆರೆದಿದೆ, ಎರಡು ಕಮಾನುಗಳ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಹೇಳುವುದು ಅಲ್ಲಿ ಬರೆಯದೆ ಬಿಟ್ಟ ಜಾಗವೇ. ಮುಂದೆ ಅವರು ತೆಗೆದ ಸ್ಮಾರಕ ಚಿತ್ರಗಳಲ್ಲಿ ಕಾಣುವ ನೇರ ನಿಲುವು, ಅಳತೆಯ ಶಿಸ್ತು, ಕಟ್ಟಡದ ಸುತ್ತ ಬಿಟ್ಟ ಉದಾರವಾದ ಬಯಲು ಇವುಗಳ ಬೇರು ಚಿತ್ರಕಲೆಗಿಂತ ಹೆಚ್ಚಾಗಿ ರೂರ್ಕಿಯ ನಕ್ಷಾ ಕೊಠಡಿಯಲ್ಲಿದೆ.

ಅವರು ಕ್ಯಾಮೆರಾ ಹಿಡಿದದ್ದು 1874ರ ಸುಮಾರಿಗೆ, ಇಂದೋರಿನಲ್ಲಿ, ನೌಕರಿಯ ಬಿಡುವಿನ ಹವ್ಯಾಸವಾಗಿ. ಆ ಹೊತ್ತಿಗೆ ನೆಗೆಟಿವ್ ಎಂಬ ಕಲ್ಪನೆಗೆ ನಾಲ್ಕು ದಶಕ ತುಂಬುತ್ತಿತ್ತು. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರಲ್ಲಿ ತನ್ನ ಮನೆಯ ಕಿಟಕಿಯೊಂದರ ಚಿತ್ರವನ್ನು ಕಾಗದದ ಮೇಲೆ ತಿರುವುಮುರುವಾಗಿ ಹಿಡಿದಿದ್ದ. ಬೆಳಕು ಕಪ್ಪಾಗಿ, ಕತ್ತಲು ಬಿಳಿದಾಗಿ ಮೂಡುವ ಈ ಪಡಿಗೆ 1840ರಲ್ಲಿ ನೆಗೆಟಿವ್ ಎಂಬ ಹೆಸರನ್ನು ಬಳಕೆಗೆ ತಂದವನು ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. 1839ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ ಡಾಗೆರ್‌ನ ವಿಧಾನದಲ್ಲಿ ಒಂದು ಚಿತ್ರಕ್ಕೆ ಒಂದೇ ಪ್ರತಿ. ಟಾಲ್ಬಟ್‌ನ ವಿಧಾನದಲ್ಲಿ ಒಂದು ಮೂಲದಿಂದ ಬೇಕಾದಷ್ಟು ಪ್ರತಿಗಳು. ಛಾಯಾಗ್ರಹಣ ಒಂದು ಉದ್ಯಮವಾದುದೂ, ಅರಸೊತ್ತಿಗೆಗಳು ಮತ್ತು ವಸಾಹತು ಆಡಳಿತ ಅದನ್ನು ತಮ್ಮ ಅಗತ್ಯಕ್ಕೆ ಬಳಸಿಕೊಂಡುದೂ ಈ ಒಂದು ವ್ಯತ್ಯಾಸದಿಂದಲೇ. ಕನ್ನಡನಾಡಿಗೂ ನೆಗೆಟಿವ್ ಬೇಗನೆ ಬಂದಿತ್ತು. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ಹಂಪೆಯ ಅವಶೇಷಗಳನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದಿದ್ದ. ಅದೇ ದಶಕದಲ್ಲಿ ಥಾಮಸ್ ಬಿಗ್ಸ್ ಮತ್ತು ವಿಲಿಯಂ ಪಿಗೌ ಬಿಜಾಪುರ, ಐಹೊಳೆ, ಬಾದಾಮಿ, ಹಳೇಬೀಡುಗಳಲ್ಲಿ ಕೆಲಸ ಮಾಡಿದ್ದರು. ಇವರೆಲ್ಲ ವಿದೇಶಿ ಅಧಿಕಾರಿಗಳು. ದೀನದಯಾಳರ ಮಹತ್ವ ಇರುವುದು, ಅದೇ ಸರಕಾರಿ ಯಂತ್ರದ ಒಳಗಿದ್ದ ಭಾರತೀಯ ನೌಕರನೊಬ್ಬ ಈ ವಿದ್ಯೆಯನ್ನು ಕೈವಶ ಮಾಡಿಕೊಂಡು ಅದರಿಂದಲೇ ಬದುಕು ಕಟ್ಟಿಕೊಂಡುದರಲ್ಲಿ.

1874ರಲ್ಲಿ ಪ್ರಚಲಿತವಿದ್ದುದು ಹಸಿ ಕೊಲೋಡಿಯನ್ ವಿಧಾನ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಈ ವಿಧಾನದಲ್ಲಿ ಗಾಜಿನ ಫಲಕಕ್ಕೆ ಈಥರಿನಲ್ಲಿ ಕರಗಿಸಿದ ಕೊಲೋಡಿಯನ್ ದ್ರವವನ್ನು ಸಮನಾಗಿ ಹರಿಸಿ, ಬೆಳ್ಳಿಯ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಒಣಗುವ ಮೊದಲೇ ಸಂಸ್ಕರಿಸಬೇಕು. ಮಧ್ಯಭಾರತದ ಬೇಸಗೆಯಲ್ಲಿ ಈಥರ್ ನಿಮಿಷಗಳಲ್ಲಿ ಆರಿಹೋಗುತ್ತದೆ. ಆದ್ದರಿಂದ ಛಾಯಾಗ್ರಾಹಕ ಹೋದಲ್ಲೆಲ್ಲ ಕತ್ತಲೆಯ ಗುಡಾರ, ರಾಸಾಯನಿಕದ ಸೀಸೆಗಳು, ಶುದ್ಧ ನೀರು, ಗಾಜಿನ ಪೆಟ್ಟಿಗೆಗಳು ಜೊತೆಗೆ ಹೋಗಬೇಕಿತ್ತು. ಹತ್ತು ಹನ್ನೆರಡು ಅಂಗುಲದ ಒಂದು ಫಲಕದ ತೂಕವೇ ಅರ್ಧ ಕಿಲೋದ ಸಮೀಪಕ್ಕೆ ಬರುತ್ತದೆ. ನೂರು ಫಲಕಗಳ ಪ್ರವಾಸವೆಂದರೆ ಎತ್ತಿನ ಗಾಡಿಯ ಹೊರೆ. ಗಾಡಿಯ ಒಂದು ಕುಲುಕಿಗೆ ಒಂದು ದಿನದ ಕೆಲಸ ಚೂರಾಗಬಹುದು. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಸೂಚಿಸಿದ ಜೆಲಟಿನ್ ಒಣ ಫಲಕ ಆ ದಶಕದ ಕೊನೆಗೆ ಮಾರುಕಟ್ಟೆಗೆ ಬಂದಮೇಲೆ ಗುಡಾರದ ಕಷ್ಟ ತಪ್ಪಿತು, ಗಾಜಿನ ಭಾರ ತಪ್ಪಲಿಲ್ಲ. ದೀನದಯಾಳರ ವೃತ್ತಿಯ ಏರುಗಾಲ ಈ ಒಣ ಫಲಕದ ಕಾಲವೇ ಆಗಿದೆ.

ಇಂದೋರಿನ ಮಹಾರಾಜ ಎರಡನೆಯ ತುಕೋಜಿರಾವ್ ಹೋಳ್ಕರ್ ಹಾಗೂ ಮಧ್ಯಭಾರತದ ಏಜೆಂಟ್ ಆಗಿದ್ದ ಸರ್ ಹೆನ್ರಿ ಡೇಲಿ ಅವರಿಗೆ ಪ್ರೋತ್ಸಾಹ ನೀಡಿದರು. 1875–76ರಲ್ಲಿ ವೇಲ್ಸ್ ರಾಜಕುಮಾರನ ಭಾರತ ಪ್ರವಾಸದ ಚಿತ್ರಗಳನ್ನು ತೆಗೆಯುವ ಅವಕಾಶ ದೊರೆಯಿತು. ಡೇಲಿಯ ನಂತರ ಬಂದ ಸರ್ ಲೆಪೆಲ್ ಗ್ರಿಫಿನ್‌ನ ಜೊತೆಯಲ್ಲಿ ಅವರು ಬುಂದೇಲಖಂಡವನ್ನು ಸುತ್ತಿ ಗ್ವಾಲಿಯರ್, ಖಜುರಾಹೊ, ಸಾಂಚಿ ಮೊದಲಾದೆಡೆಯ ಸ್ಮಾರಕಗಳನ್ನು ಚಿತ್ರಿಸಿದರು. ಅವುಗಳಲ್ಲಿ ಹಲವು ಚಿತ್ರಗಳು 1886ರಲ್ಲಿ ಲಂಡನ್ನಿನಲ್ಲಿ ಮಧ್ಯಭಾರತದ ಪ್ರಸಿದ್ಧ ಸ್ಮಾರಕಗಳನ್ನು ಕುರಿತ ಗ್ರಿಫಿನ್‌ನ ಗ್ರಂಥವಾಗಿ ಪ್ರಕಟವಾದವು. ಪುಸ್ತಕದ ಕರ್ತೃ ಗ್ರಿಫಿನ್. ಪುಸ್ತಕವನ್ನು ತೆರೆದು ನೋಡುವಂತೆ ಮಾಡುವುದು ದೀನದಯಾಳರ ಫಲಕಗಳು.

ಈ ಸ್ಮಾರಕ ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಆಕಾಶ, ಅಥವಾ ಆಕಾಶದ ಅಭಾವ. ಮೋಡವಿಲ್ಲ, ಛಾಯೆಯ ಏರಿಳಿತವಿಲ್ಲ. ಕಟ್ಟಡದ ಹಿಂದೆ ಒಂದೇ ಸಮನಾದ ತಿಳಿಬಣ್ಣ. ಇದನ್ನು ಕಲಾವಿದನ ಆಯ್ಕೆಯೆಂದು ಕೂಡಲೇ ಹೊಗಳುವುದು ಅವಸರವಾದೀತು, ಏಕೆಂದರೆ ಕಾರಣ ಮೊದಲು ರಸಾಯನದಲ್ಲಿದೆ. ಆ ಕಾಲದ ಸಾಮಾನ್ಯ ಫಲಕಗಳಿಗೆ ನೀಲಿ ಮತ್ತು ನೇರಳೆ ಬೆಳಕು ಮಾತ್ರ ಚೆನ್ನಾಗಿ ತಾಗುತ್ತಿತ್ತು. ಹಳದಿ ಹಸಿರುಗಳಿಗೆ ಅವು ಮಂದ, ಕೆಂಪಿಗೆ ಬಹುತೇಕ ಕುರುಡು. ಕಟ್ಟಡದ ವಿವರ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ನೀಲಿ ಆಕಾಶ ಗಾಜಿನ ಮೇಲೆ ದಟ್ಟವಾದ ಕಪ್ಪಾಗಿ ಕೂಡುತ್ತದೆ. ಆ ಕಪ್ಪನ್ನು ದಾಟಿ ಬೆಳಕು ಕಾಗದವನ್ನು ತಲುಪುವುದಿಲ್ಲ. ಮುದ್ರಣದಲ್ಲಿ ಅದು ಬರಿಯ ಕಾಗದ. ಹಾಗಾಗಿ ಮುದ್ರಿತ ಚಿತ್ರದಲ್ಲಿ ಅತ್ಯಂತ ಖಾಲಿಯಾಗಿರುವ ಭಾಗವೇ ನೆಗೆಟಿವ್‌ನಲ್ಲಿ ಅತ್ಯಂತ ಭರ್ತಿಯಾದ, ಬೆಳ್ಳಿ ಹೆಚ್ಚು ಕೂತ ಭಾಗ. ಹಲವು ಯುರೋಪಿಯನ್ ಛಾಯಾಗ್ರಾಹಕರು ಇದನ್ನು ಕೊರತೆಯೆಂದು ಬಗೆದು ಬೇರೆ ನೆಗೆಟಿವ್‌ನಿಂದ ಮೋಡಗಳನ್ನು ತಂದು ಜೋಡಿಸುತ್ತಿದ್ದರು. ದೀನದಯಾಳರ ಒಲವು ಇನ್ನೊಂದೆಡೆಗೆ. ಅವರು ಆ ಖಾಲಿತನವನ್ನು ಒಪ್ಪಿಕೊಂಡು, ಶಿಖರದ ಅಂಚನ್ನೂ ಗುಮ್ಮಟದ ಬಾಗನ್ನೂ ಸ್ಪಷ್ಟವಾಗಿ ಕೊರೆದು ತೋರಿಸುವ ಹಿನ್ನೆಲೆಯಾಗಿ ಅದನ್ನು ಬಳಸಿದರು. ಆಯ್ಕೆ ಬರುವುದು ಇಲ್ಲಿ: ತಂತ್ರದ ಮಿತಿ ಎಲ್ಲರಿಗೂ ಒಂದೇ ಆಗಿತ್ತು, ಅದರೊಡನೆ ಮಾಡಿಕೊಂಡ ಒಪ್ಪಂದ ಬೇರೆ.

ಬೀದರವನ್ನು ಬಲ್ಲವರಿಗೆ ಈ ರಸಾಯನದ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಬೀದರದ ಪ್ರಸ್ಥಭೂಮಿ ಕೆಂಪು ಜಂಬಿಟ್ಟಿಗೆಯದು. ಕೋಟೆಯ ಮೂರು ಸಾಲಿನ ಕಂದಕವನ್ನು ಆ ಕಲ್ಲಿನಲ್ಲೇ ಕೊರೆಯಲಾಗಿದೆ. ಹತ್ತೊಂಬತ್ತನೆಯ ಶತಮಾನದ ಫಲಕಕ್ಕೆ ಆ ಕೆಂಪು ಹೆಚ್ಚುಕಡಿಮೆ ಕತ್ತಲೆ. ಮಹಮೂದ್ ಗವಾನನ ಮದರಸಾದ (1472) ಮುಂಬದಿಯ ನೀಲಿ ಹೆಂಚುಗಳಾದರೆ ಅದರ ಕಣ್ಣಿಗೆ ಆಕಾಶದಂತೆಯೇ ಬಿಳುಪು. ಪಕ್ಕದ ಹಳದಿ ಗೆರೆ ಕಪ್ಪು. 1696ರ ಸಿಡಿತದಲ್ಲಿ ಮುಂಬದಿಯ ಒಂದು ಭಾಗ ಬಿದ್ದುಹೋದ ಈ ಕಟ್ಟಡದ ಹಳೆಯ ಚಿತ್ರವನ್ನು ನೋಡುವವರು, ಬೆಳ್ಳಗೆ ಕಂಡದ್ದೆಲ್ಲ ಹೆಂಚು ಉದುರಿದ ಜಾಗವೆಂದು ತೀರ್ಮಾನಿಸುವ ಅಪಾಯವಿದೆ. ಉಳಿದದ್ದೂ ಅಳಿದದ್ದೂ ಒಂದೇ ಬಣ್ಣದಲ್ಲಿ ಮೂಡಬಲ್ಲ ದಾಖಲೆ ಅದು. ಅಲಿ ಬರೀದನ ಗೋರಿಯಂತಹ, ನಾಲ್ಕೂ ಕಡೆ ತೆರೆದ ಕಮಾನುಗಳ ಕಟ್ಟಡದಲ್ಲಂತೂ ಕಲ್ಲಿನ ನಡುವಿನ ಬಯಲೇ ವಾಸ್ತುವಿನ ಅರ್ಧ. ಬೀದರದ ಸ್ಮಾರಕಗಳ ಹಳೆಯ ಛಾಯಾಚಿತ್ರಗಳನ್ನು ಚರಿತ್ರೆಯ ಆಕರಗಳಾಗಿ ಬಳಸುವವರು ಫಲಕದ ಈ ಪಕ್ಷಪಾತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಗತ್ಯ.

ಇಲ್ಲಿ ಬಿದರಿ ಕಲೆಯ ಪ್ರಸ್ತಾಪ ಅಪ್ರಸ್ತುತವಾಗಲಾರದು. ಸತು ಹೆಚ್ಚಾಗಿದ್ದು ತಾಮ್ರ ಅಲ್ಪವಾಗಿರುವ ಲೋಹದ ಪಾತ್ರೆಯಲ್ಲಿ ಬೆಳ್ಳಿಯನ್ನು ಕೂರಿಸಿ, ಬೀದರ ಕೋಟೆಯ ಮಣ್ಣು ಮತ್ತು ನವಸಾಗರದ ಲೇಪದಿಂದ ತಿಕ್ಕಿದಾಗ ಪಾತ್ರೆಯ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳಗುತ್ತದೆ. ನೆಗೆಟಿವ್‌ನಲ್ಲಿ ನಡೆಯುವುದು ಇದಕ್ಕೆ ವಿರುದ್ಧ: ಅಲ್ಲಿ ಕಪ್ಪಾಗುವುದೇ ಬೆಳ್ಳಿ. ಆದರೂ ಎರಡು ಕಸುಬುಗಳಿಗೂ ಒಂದು ಸಮಾನ ತಿಳಿವಳಿಕೆಯಿದೆ. ಅಫ್ತಾಬಿ ಎಂಬ ಬಿದರಿ ಪ್ರಕಾರದಲ್ಲಿ ಬೆಳ್ಳಿಯ ತಗಡನ್ನೇ ಹೂವಿನ ಆಕಾರಕ್ಕೆ ಕತ್ತರಿಸಿ ತೆಗೆಯುತ್ತಾರೆ. ಹೂವಾಗಿ ಕಾಣುವುದು ಬೆಳ್ಳಿಯಲ್ಲ, ಬೆಳ್ಳಿ ಇಲ್ಲದ ಕಪ್ಪು ನೆಲ. ಆಕೃತಿ ಮತ್ತು ನೆಲ ಸ್ಥಾನ ಬದಲಿಸಿಕೊಳ್ಳುವ ಈ ಬಗೆ ದಖ್ಖನಿನ ಕಣ್ಣಿಗೆ ಕ್ಯಾಮೆರಾ ಬರುವ ಬಹುಕಾಲ ಮುಂಚೆಯೇ ಪರಿಚಿತವಾಗಿತ್ತು. ಶರಣರ ಬಯಲಿನ ಕಲ್ಪನೆಯನ್ನು ಇದರೊಡನೆ ಹೋಲಿಸುವ ಆಸೆ ಕೆಲವರಲ್ಲಿ ಮೂಡಬಹುದು. ಆದರೆ ಬಯಲು ಅಲ್ಲಿ ಅನುಭಾವದ ಮಾತು, ಚಿತ್ರಪಟದ ಮೂಲೆಯಲ್ಲಿ ಉಳಿದ ಜಾಗವಲ್ಲ. ಹೋಲಿಕೆಯನ್ನು ಅಲ್ಲಿಗೆ ಎಳೆಯದಿರುವುದು ಲೇಸು.

1880ರ ದಶಕದ ನಡುವಿನಲ್ಲಿ ದೀನದಯಾಳರು ಸರಕಾರಿ ನೌಕರಿಯಿಂದ ಹೊರಬಂದು ಛಾಯಾಗ್ರಹಣವನ್ನೇ ವೃತ್ತಿಯಾಗಿಸಿಕೊಂಡರು. ವೈಸ್‌ರಾಯ್ ಲಾರ್ಡ್ ಡಫರಿನ್‌ನ ಕಾಲದಲ್ಲಿ ವೈಸ್‌ರಾಯ್‌ಗಳ ಛಾಯಾಗ್ರಾಹಕರೆಂಬ ಮಾನ್ಯತೆ ಬಂತು. 1884ರಲ್ಲಿ ಪೂರ್ಣಾಧಿಕಾರ ವಹಿಸಿಕೊಂಡಿದ್ದ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರನ್ನು ಹೈದರಾಬಾದಿನ ಆಸ್ಥಾನ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡ. ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆಯಿತು. 1896ರಲ್ಲಿ ಮುಂಬಯಿಯಲ್ಲಿ ಇನ್ನೊಂದು. 1890ರ ದಶಕದಲ್ಲಿ ನಿಜಾಮ ಅವರಿಗೆ ರಾಜಾ ಬಹದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟ. ಮುಸವ್ವಿರ್ ಎಂದರೆ ಚಿತ್ರಕಾರ. 1893ರ ಷಿಕಾಗೊ ವಿಶ್ವಮೇಳದಲ್ಲಿ ಅವರ ಚಿತ್ರಗಳು ಪ್ರದರ್ಶಿತವಾದವು. 1897ರಲ್ಲಿ ವಿಕ್ಟೋರಿಯಾ ರಾಣಿಯ ರಾಜಮಾನ್ಯತೆಯ ಪತ್ರವೂ ಬಂತು. ಇಂಥ ಗೌರವಗಳ ಪಟ್ಟಿ ಅವರನ್ನು ಕುರಿತ ಬರವಣಿಗೆಯಲ್ಲೆಲ್ಲ ತಪ್ಪದೆ ಬರುವುದರಿಂದ ಇಲ್ಲಿ ಅದನ್ನು ಬೆಳೆಸಬೇಕಾಗಿಲ್ಲ.

ಆಸ್ಥಾನದ ಕೆಲಸ ಎರಡು ಬಗೆಯದು. ಮೊದಲನೆಯದು ನಿಜಾಮನ ಅರಮನೆಗಳು, ಬೇಟೆ, ಅತಿಥಿಗಳು, ಸೈನ್ಯದ ಕವಾಯತು. 1902ರಲ್ಲಿ ಲಾರ್ಡ್ ಕರ್ಜನ್ ನಿಜಾಮ ರಾಜ್ಯದಲ್ಲಿ ಹುಲಿ ಬೇಟೆಗೆ ಬಂದಾಗ ತೆಗೆದ ಚಿತ್ರ ಎಲ್ಲರಿಗೂ ಪರಿಚಿತ. ಎರಡನೆಯದು ರಾಜ್ಯದ ಕೋಟೆಗಳು, ಗೋರಿಗಳು, ಗುಹೆಗಳು: ಗೋಲ್ಕೊಂಡ, ಎಲ್ಲೋರ, ದೌಲತಾಬಾದ್ ಮೊದಲಾದವುಗಳ ನೋಟಗಳು. ಇವೆರಡರಲ್ಲೂ ಕಟ್ಟಡದ ಮುಂದೆ ವಿಶಾಲವಾದ ಬರಿನೆಲವನ್ನು ಬಿಡುವುದು, ಅದರಲ್ಲಿ ಎಲ್ಲೋ ಒಂದೆಡೆ ಒಬ್ಬಿಬ್ಬರನ್ನು ನಿಲ್ಲಿಸುವುದು ಕಾಣುತ್ತದೆ. ಹೀಗೆ ನಿಂತವರ ಉಪಯೋಗ ಅಳತೆಗೋಲಿನದು. ಪಕ್ಕದಲ್ಲಿ ಮನುಷ್ಯನಿದ್ದರೆ ಕಮಾನಿನ ಎತ್ತರ ತಿಳಿಯುತ್ತದೆ. ಚಿತ್ರದ ಶೀರ್ಷಿಕೆಯಲ್ಲಿ ಅರಮನೆಯ ಹೆಸರಿರುತ್ತದೆ, ಅವರದಿಲ್ಲ. ಬಗದಲ್, ಭಾಲ್ಕಿ, ಔರಾದಗಳಂತಹ ಊರುಗಳ ಜನ ಕಂದಾಯ ಕೊಟ್ಟದ್ದು ಇದೇ ಸರಕಾರಕ್ಕೆ. ಆದರೆ ಆಸ್ಥಾನದ ಆಲ್ಬಂ ಎಂಬ ಯೋಜನೆಯಲ್ಲಿ ಸಾಮಾನ್ಯ ಜನಕ್ಕೆ ಎಡೆ ಸಿಗುವುದು ಹೀಗೆ ಹೆಸರಿಲ್ಲದೆ, ಖಾಲಿ ಜಾಗವನ್ನು ಅಳೆಯುವ ಗುರುತಾಗಿ. ದೀನದಯಾಳರು ಇದನ್ನು ಸೃಷ್ಟಿಸಿದವರಲ್ಲ. ಆ ಕಾಲದ ಸ್ಮಾರಕ ಛಾಯಾಗ್ರಹಣದ ಸಾಮಾನ್ಯ ಪದ್ಧತಿ ಅದು. ಅವರು ಅದನ್ನು ಮೀರಿದರೆಂದೂ ಹೇಳಲಾಗದು.

ಮೀರುವ ಒಂದು ಸಂದರ್ಭ ಬಂದದ್ದು 1899–1900ರ ಬರಗಾಲದಲ್ಲಿ. ಔರಂಗಾಬಾದ್ ಭಾಗದ ಪರಿಹಾರ ಕಾರ್ಯವನ್ನು ದಾಖಲಿಸಿದ ಚಿತ್ರಗಳಲ್ಲಿ ಎಲುಬುಗೂಡಾದ ಮಕ್ಕಳು, ಸಾಲಾಗಿ ಕುಳಿತ ಹಸಿದ ಜನ ಕ್ಯಾಮೆರಾದತ್ತ ನೋಡುತ್ತಾರೆ. ಉದ್ದೇಶ ಸರಕಾರದ ಸತ್ಕಾರ್ಯವನ್ನು ತೋರಿಸುವುದೇ ಆಗಿತ್ತು. ಆದರೆ ಅಳತೆಗೋಲಾಗಿದ್ದ ಜನ ಇಲ್ಲಿ ಚಿತ್ರದ ವಸ್ತುವಾಗಿದ್ದಾರೆ; ಅವರ ಸುತ್ತಲಿನ ಬೋಳು ನೆಲ ಈಗ ವಿನ್ಯಾಸವಲ್ಲ, ಬೆಳೆಯಿಲ್ಲದ ನೆಲ. ಅರಮನೆಯ ಮುಂದಿನ ಅಂಗಳದ ಖಾಲಿತನವನ್ನು ಬಲ್ಲವರು ಈ ಚಿತ್ರಗಳನ್ನು ಅವುಗಳ ಪಕ್ಕದಲ್ಲಿಟ್ಟು ನೋಡದೆ ದೀನದಯಾಳರ ಕುರಿತು ತೀರ್ಪು ಕೊಡುವಂತಿಲ್ಲ.

1892ರಲ್ಲಿ ಹೈದರಾಬಾದಿನಲ್ಲಿ ತೆರೆದ ಜನಾನಾ ಸ್ಟುಡಿಯೊ ನೆಗೆಟಿವ್‌ನ ಚರಿತ್ರೆಯಲ್ಲಿ ವಿಶಿಷ್ಟವಾದುದು. ಪರದೆಯ ಪದ್ಧತಿಯಲ್ಲಿದ್ದ ಕುಲೀನ ಸ್ತ್ರೀಯರಿಗಾಗಿ ಎತ್ತರದ ಗೋಡೆಗಳ ನಡುವೆ ಕಟ್ಟಿದ ಈ ಸ್ಟುಡಿಯೊವನ್ನು ಶ್ರೀಮತಿ ಕೆನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ ಸ್ಥಳೀಯ ಸ್ತ್ರೀ ಸಹಾಯಕಿಯರೊಡನೆ ನಡೆಸಿದರು. ಇದನ್ನು ಸಾಮಾನ್ಯವಾಗಿ ವ್ಯಾಪಾರದ ಜಾಣತನವೆಂದೋ ಸ್ತ್ರೀಯರ ಪ್ರವೇಶವೆಂದೋ ವಿವರಿಸುತ್ತಾರೆ. ಎರಡೂ ನಿಜವೇ. ಆದರೆ ಅಲ್ಲಿ ಪಣಕ್ಕಿದ್ದ ವಿಶ್ವಾಸ ಇನ್ನೂ ಆಳದ್ದು. ಮುದ್ರಿತ ಚಿತ್ರವನ್ನು ಮನೆಯವರು ಒಯ್ಯುತ್ತಾರೆ, ಸಂದೂಕದಲ್ಲಿಡುತ್ತಾರೆ. ಗಾಜಿನ ಫಲಕ ಸ್ಟುಡಿಯೊದಲ್ಲೇ ಉಳಿಯುವುದು ಆ ಕಾಲದ ವಾಡಿಕೆ. ಸಂಖ್ಯೆ ಹೇಳಿದರೆ ಮತ್ತೆ ಪ್ರತಿ ಸಿಗುತ್ತಿತ್ತು. ಪರದೆಯ ಹಿಂದಿನ ಮುಖ ನೂರು ಪ್ರತಿಗಳಾಗುವ ಸಾಧ್ಯತೆ ಆ ಗಾಜಿನಲ್ಲಿ ಸದಾ ಇರುತ್ತದೆ. ಎತ್ತರದ ಗೋಡೆ ಚಿತ್ರ ತೆಗೆಯುವ ಆ ಕ್ಷಣವನ್ನು ಕಾಯಬಲ್ಲುದು. ಫಲಕವನ್ನು ವರ್ಷಾನುಗಟ್ಟಲೆ ಕಾಯಬೇಕಾದುದು ದೀನದಯಾಳರ ಹೆಸರು. ಹೈದರಾಬಾದಿನ ಮನೆತನಗಳು ಆ ಹೆಸರನ್ನು ನಂಬಿದವು ಎಂಬುದೇ ಅವರ ಸಾಮಾಜಿಕ ಸ್ಥಾನವನ್ನು ಬಿರುದುಗಳಿಗಿಂತ ಚೆನ್ನಾಗಿ ಹೇಳುತ್ತದೆ.

ಸ್ಟುಡಿಯೊದ ಒಳಗೆ ನೆಗೆಟಿವ್ ಒಂದು ಕೆಲಸದ ಮೇಜೂ ಆಗಿತ್ತು. ಜೆಲಟಿನ್ ಪದರದ ಮೇಲೆ ಮೊನೆಯಾದ ಪೆನ್ಸಿಲಿನಿಂದ ಮುಖದ ಸುಕ್ಕು, ಕಲೆಗಳನ್ನು ತಿದ್ದುವುದು, ಬೇಡದ ಹಿನ್ನೆಲೆಯನ್ನು ಬಣ್ಣ ಬಳಿದು ಮುಚ್ಚುವುದು ಆ ಕಾಲದ ಸ್ಟುಡಿಯೊಗಳಲ್ಲಿ ನಿತ್ಯದ ಕೆಲಸ. ಗಾಜಿನಲ್ಲಿ ಕಪ್ಪು ಹಚ್ಚಿದರೆ ಕಾಗದದಲ್ಲಿ ಬಿಳುಪು. ತಿದ್ದುವವನು ಲೋಕವನ್ನು ತಲೆಕೆಳಗಾಗಿ ಯೋಚಿಸಬೇಕು. ದೀನದಯಾಳರ ಸಂಸ್ಥೆಯ ಅನೇಕ ಚಿತ್ರಗಳ ಕೆಳಗೆ ಬಿಳಿ ಅಕ್ಷರಗಳಲ್ಲಿ ಕ್ರಮಸಂಖ್ಯೆ ಮತ್ತು ಶೀರ್ಷಿಕೆ ಕಾಣುವುದು ಈ ಬಗೆಯಲ್ಲೇ: ಯಾರೋ ಒಬ್ಬರು ಫಲಕದ ಅಂಚಿನಲ್ಲಿ ಮಸಿಯಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಬರೆದಿದ್ದಾರೆ. ಆ ಕೈ ದೀನದಯಾಳರದೇ ಆಗಿರಬೇಕಾಗಿಲ್ಲ. ಮಕ್ಕಳಾದ ಜ್ಞಾನಚಂದ್ ಮತ್ತು ಧರ್ಮಚಂದ್ ಕ್ಯಾಮೆರಾ ಹಿಡಿಯುತ್ತಿದ್ದರು. ಸಹಾಯಕರು, ಮುದ್ರಕರು, ಬಣ್ಣಗಾರರು ಹಲವರಿದ್ದರು. ಎಲ್ಲರ ಕೆಲಸಕ್ಕೂ ಬಿದ್ದ ಸಹಿ ಒಂದೇ. ಇದನ್ನು ಮೋಸವೆನ್ನುವುದಕ್ಕಿಂತ ಕಾರ್ಖಾನೆಯ ಪದ್ಧತಿಯೆನ್ನುವುದು ನ್ಯಾಯ. ಮೊಗಲ್ ಮತ್ತು ದಖ್ಖನಿ ಚಿತ್ರಶಾಲೆಗಳಲ್ಲಿ ಒಬ್ಬ ರೇಖೆ ಎಳೆದು ಇನ್ನೊಬ್ಬ ಬಣ್ಣ ತುಂಬುತ್ತಿದ್ದುದನ್ನು ಬಲ್ಲ ನಾಡಿಗೆ ಇದು ಹೊಸದಾಗಿರಲಿಲ್ಲ.

1903ರ ದೆಹಲಿ ದರ್ಬಾರು ದೀನದಯಾಳರ ಕೊನೆಯ ದೊಡ್ಡ ಕೆಲಸ. 1904ರಲ್ಲಿ ಮಗ ಧರ್ಮಚಂದ್ ತೀರಿಕೊಂಡರು. 1905ರ ಜುಲೈ ತಿಂಗಳಲ್ಲಿ ದೀನದಯಾಳರೂ ಮರಣ ಹೊಂದಿದರು. ಹೆಸರು ಮಾತ್ರ ನಿಲ್ಲಲಿಲ್ಲ. 1908ರ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಕೊಚ್ಚಿದಾಗ ಅದನ್ನು ದಾಖಲಿಸಿದ್ದು ರಾಜಾ ದೀನದಯಾಳ್ ಅಂಡ್ ಸನ್ಸ್ ಸಂಸ್ಥೆಯೇ. 1980ರಲ್ಲಿ ಕ್ಲಾರ್ಕ್ ವರ್ಸ್‌ವಿಕ್ ಪ್ರಕಟಿಸಿದ, ಅವರನ್ನು ಮತ್ತೆ ಲೋಕದ ಗಮನಕ್ಕೆ ತಂದ ಪುಸ್ತಕದ ಹೆಸರಿನಲ್ಲಿ ಚಿತ್ರಗಳ ಕಾಲ 1884ರಿಂದ 1910 ಎಂದಿದೆ. ಎಂದರೆ ಕೊನೆಯ ಐದು ವರ್ಷಗಳ ಚಿತ್ರಗಳು ಅವರ ಮರಣದ ನಂತರದವು.

ಆಸ್ಥಾನದ ಆಶ್ರಯ ಕುಗ್ಗಿದ ಮೇಲೆ ಫಲಕಗಳ ಪಾಡು ಏನಾಯಿತೆಂಬುದು ಈ ಬದುಕಿನ ಉತ್ತರಾರ್ಧ. ಗಾಜಿಗೆ ಹಲವು ಶತ್ರುಗಳಿದ್ದಾರೆ: ಒಡೆಯುವಿಕೆ, ತೇವಕ್ಕೆ ಎದ್ದುಬರುವ ಜೆಲಟಿನ್, ಬೂಷ್ಟು. ಹಳೆಯ ಸ್ಟುಡಿಯೊಗಳ ನೆಗೆಟಿವ್‌ಗಳನ್ನು ಉಜ್ಜಿ ತೊಳೆದು ಬರಿಗಾಜಾಗಿ ಮಾರಿಬಿಡುವುದೂ ಎಲ್ಲೆಡೆ ನಡೆದ ಸಂಗತಿಯೇ. ದೀನದಯಾಳರ ಫಲಕಗಳ ಕ್ರಮಸಂಖ್ಯೆ ಸಾವಿರ ಸಾವಿರವಾಗಿ ಏರಿತ್ತು. ವಂಶಸ್ಥರ ಬಳಿ ಉಳಿದು, 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವನ್ನು ಸೇರಿದವು 2,857. ಮುದ್ರಿತ ಆಲ್ಬಂಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿ ಮೊದಲಾದೆಡೆ ಚದುರಿವೆ. 2006ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು; 2013ರಲ್ಲಿ ದೀಪಾಲಿ ದೇವನ್ ಮತ್ತು ಡೆಬೊರಾ ಹಟನ್ ಅವರ ಅಧ್ಯಯನ ಗ್ರಂಥ ಹೊರಬಂದಿತು.

ಮುದ್ರಣವನ್ನೂ ಫಲಕವನ್ನೂ ಜೊತೆಗಿಟ್ಟು ನೋಡುವ ಅವಕಾಶ ಇದರಿಂದ ಒದಗಿದೆ. ಆಲ್ಬಂಗೆ ಅಂಟಿಸುವಾಗ ಕತ್ತರಿ ಬೀಳುವುದು ಕಾಗದದ ಅಂಚಿಗೆ. ಗಾಜಿನ ಅಂಚು ಹಾಗೇ ಉಳಿಯುತ್ತದೆ. ಭಾವಚಿತ್ರದ ಫಲಕವೊಂದರಲ್ಲಿ ಪರದೆ ಮುಗಿಯುವ ಗೆರೆ, ಅದರಾಚೆಯ ಸ್ಟುಡಿಯೊದ ಗೋಡೆ, ಬೆಳಕಿಗಾಗಿ ತೆರೆದ ಬದಿ, ಚೌಕಟ್ಟಿಗೆ ಸೇರಬೇಕಾಗಿರದ ಇನ್ನೊಬ್ಬರ ಕೈ ಇವೆಲ್ಲ ಕಾಣಿಸಿಕೊಳ್ಳಬಲ್ಲವು. ಮಸಿ ಬಳಿದು ಮುಚ್ಚಿದ ಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಡಿಯಲ್ಲಿ ಮುಚ್ಚಿಹೋದದ್ದರ ಸುಳಿವು ಸಿಗಬಹುದು. ಇನ್ನೊಂದು ದಿಕ್ಕಿನಿಂದ, ಮುದ್ರಣದ ಕೆಳಗಿನ ಬಿಳಿ ಅಂಕಿಗಳು ದೆಹಲಿಯಲ್ಲಿ ಇಲ್ಲದ ಫಲಕಗಳ ಪಟ್ಟಿಯನ್ನು ತಾವಾಗಿಯೇ ಒದಗಿಸುತ್ತವೆ. ಎರಡು ಸಂಖ್ಯೆಗಳ ನಡುವೆ ಬಿಟ್ಟುಹೋದ ಅಂಕಿ ಒಂದು ಕಾಲದಲ್ಲಿ ಇದ್ದ ಗಾಜಿನದು. ಅದರಿಂದ ಮೂಡಿದ ಕಾಗದ ಯಾವುದೋ ಗ್ರಂಥಾಲಯದ ಆಲ್ಬಂನಲ್ಲಿ ಅಂಟಿಕೊಂಡಿದ್ದರೆ, ಅದರ ಕೆಳ ಅಂಚಿನಲ್ಲಿ ಅದೇ ಅಂಕಿ ಬಿಳಿಯಾಗಿ ಇರುತ್ತದೆ.